ಟ್ರಂಕಿನೊಳಗಿನ ಎಚ್‌ಎಂಟಿ
ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳೆಯ ಮನೆಗಳ ಟ್ರಂಕು ತೆಗೆದರೆ ಮದುವೆಯಲ್ಲಿ ಮಾವ ಅಳಿಯನಿಗೆ ಕೊಟ್ಟ ಎಚ್‌ಎಂಟಿ ವಾಚು ಸಿಕ್ಕರೂ ಸಿಕ್ಕೀತು. ರೋಲೆಕ್ಸ್, ಒಮೆಗಾಗಳಿಗೆ ಲಕ್ಷಗಟ್ಟಲೆ ಸುರಿಯುವವರು ಸುರಿಯಲಿ. ನಮ್ಮವರ ವಾಚು ಸಂಗ್ರಹ ಶುರುವಾಗಬೇಕಾದದ್ದು ಈ ಟ್ರಂಕಿನಿಂದಲೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆ ಮುಂದೆ ತುಮಕೂರಿಗೂ ಹಬ್ಬಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿತು. ಎಚ್‌ಎಂಟಿಯ ‘ಜನತಾ’ ವಾಚಿನ ಹಿಂದಿನ ಮುಚ್ಚಳ ಬಿಚ್ಚಿಸಿ ನೋಡಿ. ಸವೆತ ತಡೆಯಲು ಕೂರಿಸಿದ 17 ಜುವೆಲ್‌ಗಳ ಪೈಕಿ ಕೆಲವು ಕೆಂಪಗೆ ಮಿನುಗುತ್ತವೆ, ಪಕ್ಕದಲ್ಲೇ ಬ್ಯಾಲೆನ್ಸ್ ಚಕ್ರ ಉಸಿರಾಡಿದಂತೆ ಹೋಗಿಬರುತ್ತದೆ. ಬ್ಯಾಟರಿ ಬೇಡ, ದಿನಕ್ಕೊಮ್ಮೆ ಕೀಲಿ ಕೊಟ್ಟರಾಯಿತು. ಇಷ್ಟು ಸರಳ, ಇಷ್ಟು ಗಟ್ಟಿ ವಸ್ತುವನ್ನು ನಾವು ಬಹಳ ಬೇಗ ಮರೆತೆವು. ಹಳೆಯದನ್ನು ಕೊಳ್ಳುವವರು ಥಳಥಳಿಸುವ ಬಣ್ಣದ ಡಯಲ್‌ಗೆ ಮರುಳಾಗಬೇಡಿ, ಅದು ಹೊಸದಾಗಿ ಬಣ್ಣ ಬಳಿದದ್ದಿರಬಹುದು. ಅಂಚು ಹಳದಿಗಟ್ಟಿದರೂ ಅಕ್ಷರ ಅಚ್ಚುಕಟ್ಟಾಗಿರುವ ಮೂಲ ಡಯಲ್‌ಗೇ ಬೆಲೆ. ಮನೆಯಲ್ಲಿ ನಿಂತುಹೋದ ವಾಚಿದ್ದರೆ ಗುಜರಿಗೆ ಹಾಕುವ ಮೊದಲು ಊರಿನ ಹಿರಿಯ ರಿಪೇರಿಗಾರರಿಗೆ ತೋರಿಸಿ. ಎಷ್ಟೋ ವಾಚುಗಳು ಬಿಚ್ಚಿ ಒರೆಸಿ ಎಣ್ಣೆ ಹಾಕಿದರೆ ಮತ್ತೆ ನಡೆಯುತ್ತವೆ.