ರಸ್ತೆಗೆ ತುಂಬಿದ ಗಾಳಿ ತೋಟಕ್ಕೆ ಬೇಡ

ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆ ಒಣಗಿತ್ತು. ಎಲ್ಲರಂತೆ ನಾನೂ ತೆಂಗಿನ ತೋಟಕ್ಕೆ ಗೋಡು ಹೊಡೆಸಿದೆ. ಬಾಡಿಗೆ ಟ್ರ್ಯಾಕ್ಟರು, ಲೋಡಿಗೆ ಇಷ್ಟು ಅಂತ ಮಾತು. ಅರ್ಧ ಕೆಲಸ ಆಗಿತ್ತು, ಒಂದು ಹದಮಳೆ ಬಂತು. "ಎರಡು ದಿನ ಬಿಟ್ಟು ಬಾರಪ್ಪ" ಅಂದೆ. "ಇವತ್ತು ಬಿಟ್ರೆ ಆಮೇಲೆ ಗಾಡಿ ಸಿಗಲ್ಲ ಅಣ್ಣ" ಅಂದ ಡ್ರೈವರ್ ಹುಡುಗ. ನಾನೂ ಸುಮ್ಮನಾದೆ. ಒಂದೇ ಸಾಲಿನಲ್ಲಿ, ಮರದ ಬುಡ ಸವರಿಕೊಂಡು, ಹಸಿ ನೆಲದ ಮೇಲೆ ಇಪ್ಪತ್ತು ಲೋಡು ಓಡಾಡಿತು.

ಮುಂಗಾರಿನಲ್ಲಿ ಅದರ ಫಲ ಕಂಡಿತು. ಪಕ್ಕದ ಸಾಲಿನಲ್ಲಿ ಸಂಜೆಯೊಳಗೆ ಇಂಗಿದ ಮಳೆನೀರು ಚಕ್ರದ ಜಾಡಿನಲ್ಲಿ ಮೂರು ದಿನ ನಿಂತಿತು. ಹಾರೆ ಹಾಕಿ ನೋಡಿದೆ. ಪಕ್ಕದಲ್ಲಿ ಒಂದಡಿ ಸಲೀಸಾಗಿ ಇಳಿದ ಹಾರೆ ಜಾಡಿನಲ್ಲಿ ನಾಲ್ಕು ಬೆರಳಿಗೇ ನಿಂತಿತು. ಬೇರಿಗೆ ಒಳ್ಳೆಯದಾಗಲಿ ಎಂದು ದುಡ್ಡು ಕೊಟ್ಟು ಗೋಡು ಹಾಕಿಸಿದವನು, ಅದೇ ದುಡ್ಡಿನಲ್ಲಿ ಬೇರಿನ ಮೇಲೆ ಕಣ ಮಾಡಿಸಿದಂತಾಯಿತು.

ಅವತ್ತು ಇನ್ನೊಂದು ಮಾತೂ ಆಗಿತ್ತು. "ತೋಟಕ್ಕೆ ಇಳಿಯುವಾಗ ಸ್ವಲ್ಪ ಗಾಳಿ ಬಿಡಪ್ಪ" ಅಂದದ್ದಕ್ಕೆ ಹುಡುಗ, "ಗಾಳಿ ಕಮ್ಮಿ ಮಾಡಿದ್ರೆ ಟೈರು ಹೋಗುತ್ತೆ ಅಣ್ಣ" ಅಂದಿದ್ದ. ಅವನ ಮಾತು ಅರ್ಧ ನಿಜ. ಉಳಿದರ್ಧ ನಮಗೆ ಗೊತ್ತಿಲ್ಲದೇ ಇರುವುದರಿಂದ ತೋಟವೂ ಕೆಡುತ್ತಿದೆ, ಟೈರೂ ಕೆಡುತ್ತಿದೆ.

ಲೆಕ್ಕ ಸುಲಭ. ಟೈರಿನೊಳಗೆ ಗಾಳಿಯ ಒತ್ತಡ ಎಷ್ಟಿದೆಯೋ, ಹೆಚ್ಚುಕಮ್ಮಿ ಅಷ್ಟೇ ಒತ್ತಡ ನೆಲದ ಮೇಲೆ ಬೀಳುತ್ತದೆ. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಭಾರ ಹಂಚಿಕೊಳ್ಳುತ್ತದೆ. 35-45 ಎಚ್‌ಪಿ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಹೊಲದ ಕೆಲಸದಲ್ಲಿ ಸುಮಾರು 12-14 ಪೌಂಡ್ ಸಾಕು. ರಸ್ತೆಯಲ್ಲಿ ಲೋಡು ಎಳೆಯಲು 18-20 ಬೇಕಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಆದರೆ ನಮ್ಮಲ್ಲಿ ಒಮ್ಮೆ ಗಟ್ಟಿಯಾಗಿ ತುಂಬಿಸಿದರೆ ರಸ್ತೆಗೂ ಅದೇ, ತೋಟಕ್ಕೂ ಅದೇ.

ಗಟ್ಟಿ ಟೈರು ಕಲ್ಲಿಗೆ ಬಗ್ಗುವುದಿಲ್ಲ. ಚಿಕ್ಕನಾಯಕನಹಳ್ಳಿ ಕಡೆ ಗುಡ್ಡದ ಮಗ್ಗುಲ ತೋಟಗಳಲ್ಲಿ ಚೂಪು ಬೆಣಚುಕಲ್ಲು ತಾಗಿದರೆ ಸೀಳುತ್ತದೆ. ಹದವಾಗಿ ಗಾಳಿ ಇದ್ದರೆ ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಜಾಲಿಮುಳ್ಳಿಗೆ ಮಾತ್ರ ಎರಡೂ ಒಂದೇ.

ಹಾಗಂತ ಮಿತಿ ಮೀರಿ ಇಳಿಸಿದರೆ ಹುಡುಗ ಹೇಳಿದ್ದೇ ನಿಜವಾಗುತ್ತದೆ. ಟೈರಿನ ಮಗ್ಗುಲು ಹೊರಕ್ಕೆ ಉಬ್ಬಿ, ಕಡಿದ ಕೂಳೆ, ಕಲ್ಲುಕಟ್ಟೆ ತಾಗಿ ಹರಿಯುತ್ತದೆ. ರಿಮ್ಮಿನ ಮೇಲೆ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಬರುತ್ತದೆ. ತೋಟದ ಗಾಳಿಯಲ್ಲೇ ಲೋಡು ಹೇರಿ ರಸ್ತೆಗೆ ಹೋದರೆ ಮಗ್ಗುಲು ಬಿಸಿಯಾಗಿ ಒಳಗಿನ ನೂಲು ಒಡೆಯುತ್ತದೆ. ಆದ್ದರಿಂದ ಇಳಿಸಿದವನು ರಸ್ತೆಗೆ ಹತ್ತುವ ಮುಂಚೆ ತುಂಬಿಸಲೇಬೇಕು.

ಇನ್ನು ಟ್ರೈಲರ್. ಅದರ ಚಕ್ರ ಸಣ್ಣದು, ಗಾಳಿ ಲಾರಿಯಷ್ಟೇ ಗಟ್ಟಿ, ಲೋಡು ಇರುವಾಗ ಇಳಿಸುವಂತೆಯೂ ಇಲ್ಲ. ಗಾಳಿ ಇಳಿಸಿದರೆ ಮೇಲ್ಮಣ್ಣು ಉಳಿದೀತು, ಆದರೆ ಆಳದ ಮಣ್ಣು ಗಟ್ಟಿಯಾಗುವುದು ಒಟ್ಟು ಭಾರದಿಂದ. ಅಲ್ಲಿ ಲೋಡು ಕಡಿಮೆ ಮಾಡುವುದೊಂದೇ ದಾರಿ. ತೆಂಗಿನ ಬೇರು ಬಹುಪಾಲು ಬುಡದಿಂದ ಆರೇಳು ಅಡಿಯೊಳಗೇ ಇರುತ್ತದೆ. ಮೂವತ್ತಡಿ ಅಂತರದ ತೋಟದಲ್ಲಿ ಸಾಲಿನ ಮಧ್ಯೆ ಹೋದರೆ ಗಾಡಿಗೆ ಬೇಕಾದಷ್ಟು ಜಾಗವಿದೆ. ಬುಡ ಸವರುವುದು ಆತುರಕ್ಕೆ ಮಾತ್ರ.

ಆತುರ ಯಾಕೆ ಎಂದರೆ ಲೋಡಿನ ಬಾಡಿಗೆ. ಹುಡುಗನನ್ನು ಬೈದು ಫಲವಿಲ್ಲ. ಅವನಿಗೆ ಲೋಡು ಹೆಚ್ಚಾದಷ್ಟು ದುಡ್ಡು. ಗಾಳಿ ಬಿಟ್ಟು ತುಂಬಿಸುವ ಅರ್ಧ ಗಂಟೆಗೆ ನಾವು ಏನೂ ಕೊಡುವುದಿಲ್ಲ. ಮಾತಾಡಬೇಕಾದ್ದು ಕೆಲಸಕ್ಕೆ ಮುಂಚೆ, ಮಾತಾಡಬೇಕಾದವರು ನಾವು.

ಈ ವರ್ಷ ನಾನು ನಾಲ್ಕು ಕರಾರು ಹಾಕಿದೆ. ನೆಲ ಹಸಿ ಇದ್ದರೆ ಗಾಡಿ ಬದುವಿನಾಚೆಯೇ ನಿಲ್ಲಬೇಕು. ಒಳಗೆ ಬಂದರೆ ಸಾಲಿನ ಮಧ್ಯದ ಒಂದೇ ಜಾಡು. ಒಳಗೆ ಅರ್ಧ ಲೋಡು. ಬರೀ ಉಳುಮೆಗೆ ಬಂದ ದಿನ ದೊಡ್ಡ ಚಕ್ರದ ಗಾಳಿ ಹೊಲದ ಲೆಕ್ಕಕ್ಕೆ ಇಳಿಸಬೇಕು. ಬಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟೆ. ಗಾಳಿ ನೋಡುವ ಮೀಟರನ್ನೂ ನಾನೇ ತಂದೆ. ಬೆಳಿಗ್ಗೆ, ಟೈರು ತಣ್ಣಗಿದ್ದಾಗಲೇ ನೋಡಬೇಕು. ಓಡಿ ಬಿಸಿಯಾದ ಮೇಲೆ ಮೀಟರು ಜಾಸ್ತಿ ತೋರಿಸುತ್ತದೆ.

ಬಾಡಿಗೆ ಜಾಸ್ತಿ ಕೊಟ್ಟದ್ದಕ್ಕೆ ಊರಲ್ಲಿ ನಕ್ಕರು. ನಗಲಿ. ಟೈರು ಹೋದರೆ ತಿಪಟೂರಿನಲ್ಲಿ ಹೊಸದು ಸಿಗುತ್ತದೆ. ಅಪ್ಪ ನೆಟ್ಟ ಮರದ ಬುಡದ ಮಣ್ಣು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಂಬಿಕೆ ಬಾರದವರು ಒಂದು ಹಾರೆ ಹಿಡಿದು ತಮ್ಮ ತೋಟದ ಜಾಡಿಗೆ ಹೋಗಿ ನೋಡಲಿ. ಕಂಡದ್ದನ್ನು ಈ ಪುಟಗಳಿಗೆ ಬರೆಯಲಿ.