ಭತ್ತದ ಕಳೆನಾಶಕ: ಹೆಸರು ಬೇರೆ, ಹೊಡೆತ ಒಂದೇ

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೈತರು ಹೆಚ್ಚುತ್ತಿದ್ದಾರೆ. ನಾಟಿಯ ಆಳು, ಕೆಸರುಗದ್ದೆಯ ನೀರು ಎರಡೂ ಮಿಗುತ್ತವೆ. ಕಳೆಯ ಕಾಟ ಮಾತ್ರ ಹೆಚ್ಚು. ಆದ್ದರಿಂದ ಕಳೆನಾಶಕವೇ ಗತಿ ಎಂಬಂತಾಗಿದೆ. ಇಂಥ ಸಮಯದಲ್ಲಿ ಹರಿಯಾಣ, ಪಂಜಾಬಿನ ಗೋಧಿ ರೈತರು ಪಟ್ಟ ಪಾಡನ್ನು ನಾವು ತಿಳಿದಿರಬೇಕು.

ಅಲ್ಲಿ ಗೋಧಿಗೆ ಗುಲ್ಲಿದಂಡ ಎಂಬ ಹುಲ್ಲೇ ದೊಡ್ಡ ಕಳೆ. ಎಳೆಯದಿದ್ದಾಗ ಥೇಟು ಗೋಧಿಯಂತೆಯೇ ಕಾಣುತ್ತದೆ. ಬುಡದ ಕೆಂಪು ಛಾಯೆಯಿಂದ ಗುರುತಿಸಬೇಕು. ವರ್ಷಗಟ್ಟಲೆ ಐಸೊಪ್ರೊಟ್ಯುರಾನ್ ಒಂದನ್ನೇ ಬಳಸಿದರು. 1990ರ ದಶಕದ ಆರಂಭದ ಹೊತ್ತಿಗೆ ಕಳೆ ಸಾಯದಾಯಿತು. ಕೆಲವರು ಹಸಿ ಗೋಧಿಯನ್ನೇ ಕೊಯ್ದು ದನಗಳಿಗೆ ಹಾಕಬೇಕಾಯಿತು.

ಕಾರಣ ಹೀಗಿದೆ. ಆ ಔಷಧಿ ಬಿದ್ದರೂ ಗೋಧಿ ಬದುಕುವುದು ತನ್ನೊಳಗಿನ ಕಿಣ್ವಗಳಿಂದ, ಅಂದರೆ ಎಂಜೈಮುಗಳಿಂದ. ಅವು ವಿಷವನ್ನು ಒಡೆದು ನಿರುಪದ್ರವಿ ಮಾಡುತ್ತವೆ. ಗುಲ್ಲಿದಂಡದ ಕೆಲವು ಗಿಡಗಳಲ್ಲಿಯೂ ಅಂಥದೇ ಕಿಣ್ವಗಳು ಚುರುಕಾಗಿದ್ದವು. ಸಿಂಪರಣೆಯಿಂದ ಉಳಿದವು ಸತ್ತು, ಇವುಗಳ ಬೀಜವೇ ಹೊಲದ ತುಂಬ ಉದುರಿತು. ಪ್ರಯೋಗದಲ್ಲಿ ಆ ಕಿಣ್ವವನ್ನು ತಡೆಯುವ ವಸ್ತು ಬೆರೆಸಿ ಹೊಡೆದಾಗ ಅದೇ ಕಳೆ ಅದೇ ಔಷಧಿಗೆ ಮತ್ತೆ ಬಗ್ಗಿತು! 1997ರ ಸುಮಾರಿಗೆ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಬಂದು ಕೆಲವು ವರ್ಷ ಹೊಲ ಹಸನಾಯಿತು. ಈಗ ಅವಕ್ಕೂ ಜಗ್ಗದ ಗುಲ್ಲಿದಂಡ ಅಲ್ಲಿದೆ.

ವಿಷವನ್ನು ಒಡೆಯುವ ಕಿಣ್ವ ಒಂದು ಕಡೆ; ವಿಷ ಹೋಗಿ ಹೊಡೆಯುವುದೂ ಕಳೆಯ ಇನ್ನೊಂದು ಕಿಣ್ವವನ್ನೇ. ನಾವು ಎಡವುತ್ತಿರುವುದು ಇಲ್ಲಿ. “ಈ ಸಲ ಎಣ್ಣಿ ಬದಲಿಸೀನ್ರಿ ಸಾಹೇಬ್ರ” ಎಂದು ಸಿಂಧನೂರು ಕಡೆಯ ರೈತರೊಬ್ಬರು ಎರಡು ಡಬ್ಬಿ ತೋರಿಸಿದರು. ಒಂದು ಬಿಸ್ಪೈರಿಬ್ಯಾಕ್ ಸೋಡಿಯಂ, ಇನ್ನೊಂದು ಪೆನಾಕ್ಸುಲಮ್. ಎರಡೂ ಹೊಡೆಯುವುದು ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು. ಪೈರಜೊಸಲ್ಫ್ಯುರಾನ್ ಕೂಡ ಅದೇ ಗುಂಪು. ಸೋಯಾ ಅವರೆಗೆ ಹೊಡೆಯುವ ಇಮಾಜೆಥಾಪೈರ್ ಕೂಡ. ಈ ಇಮಾಜೆಥಾಪೈರನ್ನು ತಾಳುವ ಪೂಸಾ ಬಾಸುಮತಿ 1979 ಮತ್ತು 1985 ತಳಿಗಳು ಉತ್ತರದ ಗದ್ದೆಗಳಿಗಾಗಿ ಬಂದಿವೆ. ವರ್ಷವರ್ಷವೂ ಅದನ್ನೇ ನೆಚ್ಚಿದರೆ ಗೋಧಿಯ ಕಥೆ ಭತ್ತಕ್ಕೂ ಬರುವುದು ಕಷ್ಟವಲ್ಲ.

ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್, ಹುಲ್ಲು ಕಳೆಗಳ ಸೈಹಾಲೋಫಾಪ್ ಇವುಗಳ ದಾರಿ ಬೇರೆ. ಬದಲಿಸುವುದಿದ್ದರೆ ಗುಂಪು ಬದಲಿಸಿರಿ. ಡಬ್ಬಿಯ ಮೇಲಿನ ಪ್ರಮಾಣಕ್ಕಿಂತ ಕಡಿಮೆ ಹಾಕಬೇಡಿರಿ. ಬಿತ್ತುವ ಮೊದಲು ಒಂದು ನೀರು ಕೊಟ್ಟು, ಮೊಳೆತ ಕಳೆಯನ್ನು ಹರಗಿಬಿಡಿರಿ. ಸಿಂಪರಣೆಯ ನಂತರವೂ ಹಸಿರಾಗಿ ನಿಂತ ಹುಲ್ಲನ್ನು ತೆನೆ ಬಿಡುವ ಮೊದಲೇ ಕಿತ್ತು ಗದ್ದೆಯಿಂದ ಹೊರಹಾಕಿರಿ. ಅಂಥ ಗಿಡ ಮೂರ್ನಾಲ್ಕು ಕಡೆ ಕಂಡರೂ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ.