ಕಂಡದ್ದನ್ನು ಬರೆದಿಡುವ ವ್ರತ

ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರಕ್ಕೆ ಹೋದ ಪ್ರವಾಸಿಯು ಹುಲಿಯ ದರ್ಶನವಾಗದೆ ಹಿಂದಿರುಗಿದರೆ, ‘ಏನೂ ಕಾಣಲಿಲ್ಲ’ ಎಂದು ಖಿನ್ನನಾಗುವುದುಂಟು. ದಾರಿಯ ತಂತಿಯ ಮೇಲೆ ಕುಳಿತ ನೀಲಕಂಠವಾಗಲಿ, ಲಂಟಾನದ ಪೊದೆಯಿಂದ ಹೊರಬಿದ್ದು ಓಡಿದ ಮುಂಗುಸಿಯಾಗಲಿ ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಲೆಕ್ಕವನ್ನು ಇಡತಕ್ಕವರು ಈ ಸೀಮೆಯಲ್ಲೇ ಬಾಳುವ ನಾವು ಎಂಬುದೇ ನನ್ನ ವಾದ.

ಇದಕ್ಕೆ ಪಾಂಡಿತ್ಯದ ಪದವಿ ಬೇಕೆಂದೇನೂ ಇಲ್ಲ. ಮೈಸೂರು ಸಂಸ್ಥಾನದ ನಾಲೆಗಳನ್ನು ನೋಡಿಕೊಳ್ಳುವ ಉದ್ಯೋಗಕ್ಕೆ ಬಂದ ಸ್ಯಾಂಡರ್ಸನ್, ಚಾಮರಾಜನಗರದ ಸಮೀಪದಲ್ಲಿ ಮನೆ ಮಾಡಿಕೊಂಡು, ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಸುತ್ತ ಕಂಡು ಕೇಳಿದ್ದನ್ನೆಲ್ಲ 1878ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಕಾಫಿ ಬೆಳೆಗಾರ ಆರ್. ಸಿ. ಮಾರಿಸ್, ಬೇಟೆಗಾರನಾಗಿದ್ದೂ, ಬೊಂಬಾಯಿಯ ಪ್ರಕೃತಿ ಚರಿತ್ರ ಸಂಘದ ಪತ್ರಿಕೆಗೆ ಟಿಪ್ಪಣಿಗಳನ್ನು ಬರೆದು ಕಳುಹಿಸುತ್ತಿದ್ದನು. ಆದರೆ ಇವೆಲ್ಲ ಇಂಗ್ಲಿಷಿನ ಬರಹಗಳು. ಅದೇ ಬೆಟ್ಟಗಳ ಸೋಲಿಗರು ಹೆಜ್ಜೆಯ ಗುರುತಿನಿಂದಲೂ ಕೂಗಿನಿಂದಲೂ ಪ್ರಾಣಿಯನ್ನು ಅರಿಯಬಲ್ಲರಾದರೂ, ಆ ಜ್ಞಾನದಲ್ಲಿ ಕಾಗದಕ್ಕೆ ಇಳಿದದ್ದು ಅತ್ಯಲ್ಪ.

ಬರೆಯದಿದ್ದರೆ ಆಗುವ ನಷ್ಟವೇನೆಂದು ಕೇಳುವವರಿಗೆ ರಣಹದ್ದಿನ ಕಥೆಯೇ ಉತ್ತರ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವು ಕಳೇಬರಗಳನ್ನು ತಿಂದ ಹದ್ದುಗಳ ದೇಹವನ್ನು ಸೇರಿ, 1990ರ ದಶಕದಲ್ಲಿ ದೇಶದ ರಣಹದ್ದುಗಳು ಕೋಟ್ಯಂತರ ಸಂಖ್ಯೆಯಲ್ಲಿ ನಾಶವಾದುವು. ಪಶುಗಳಿಗೆ ಆ ಔಷಧವನ್ನು ಕೊಡಬಾರದೆಂಬ ನಿಷೇಧ ಬಂದದ್ದು 2006ರಲ್ಲಿ. ಭರತಪುರದಲ್ಲಿ ಹಿಂದೆ ಗೂಡುಗಳನ್ನು ಎಣಿಸಿಟ್ಟವರಿದ್ದುದರಿಂದಲೇ ಆ ಇಳಿಕೆ ಸಂಖ್ಯೆಯಾಗಿ ತೋರಿತು. ಎಲ್ಲೆಲ್ಲಿಯೂ ಇದೆಯೆಂದು ನಾವು ಉಪೇಕ್ಷಿಸುವ ಜೀವಿಯೇ ನಾಳೆ ಕಾಣದಾಗುವುದು. ಗುಬ್ಬಿಯನ್ನು ಯಾರು ಎಣಿಸುತ್ತಾರೆ ಎನ್ನುವ ಉದಾಸೀನದಲ್ಲಿಯೇ ಗುಬ್ಬಿಯ ಅಳಿವು ಅಡಗಿರುತ್ತದೆ.

ಆದ್ದರಿಂದ ಮನೆಯಲ್ಲೊಂದು ನೋಟುಪುಸ್ತಕವಿರಲಿ. ದಿನಾಂಕ, ವೇಳೆ, ಸ್ಥಳ, ಕಂಡ ಜೀವಿಯ ಊರ ಹೆಸರು, ಅಂದಾಜು ಸಂಖ್ಯೆ, ಇಷ್ಟೇ ಸಾಕು. ಹೆಸರು ತಿಳಿಯದಿದ್ದರೆ ರೂಪವನ್ನು ಬರೆಯಿರಿ, ಊಹೆಯನ್ನು ಬರೆಯಬೇಡಿರಿ. ಒಂದೇ ಕೆರೆಗೆ, ಒಂದೇ ಹೊಲದ ಬದುವಿಗೆ ವರ್ಷವಿಡೀ ಹೋಗಿರಿ, ಏನೂ ಕಾಣದ ದಿನವನ್ನೂ ಬರೆಯಿರಿ. ಗೂಡಿನ ಬಳಿಗೆ ಹೋಗಿ ಛಾಯಾಚಿತ್ರಕ್ಕಾಗಿ ಹಕ್ಕಿಯನ್ನು ಎಬ್ಬಿಸುವುದೂ, ಬಂಡೀಪುರದ ಹೆದ್ದಾರಿಯಲ್ಲಿ ಆನೆಗೆದುರು ವಾಹನ ನಿಲ್ಲಿಸುವುದೂ ಹವ್ಯಾಸವಲ್ಲ, ಅಪಚಾರ. ನಮ್ಮ ಶಾಲೆಗಳ ಮಕ್ಕಳು ಹೀಗೆ ಹತ್ತು ವರ್ಷ ಬರೆದರೆ, ಈ ನಾಡಿನ ಜೀವಜಾಲದ ಚರಿತ್ರೆಯು ಕನ್ನಡದಲ್ಲಿಯೇ ಹುಟ್ಟುವುದು.